ಮನಸ್ಸಿಗೆ ಅಳತೆ ಟೇಪು ಹಿಡಿದ ದಿನಗಳು

ಸೈಕಾಲಜಿ ಓದುತ್ತಿದ್ದೇನೆ ಅಂತ ಬಾಯಿ ತಪ್ಪಿ ಹೇಳಿದರೆ ಸಾಕು, ಎದುರಿಗಿರುವವರು ಎರಡರಲ್ಲಿ ಒಂದು ಮಾಡುತ್ತಾರೆ. ಒಂದೋ "ಹಾಗಾದ್ರೆ ನನ್ನ ಮನಸ್ಸಲ್ಲಿ ಈಗ ಏನಿದೆ ಹೇಳಿ ನೋಡೋಣ" ಅನ್ನುತ್ತಾರೆ. ಇಲ್ಲವೇ ಮನಸ್ಸಲ್ಲಿರುವುದನ್ನೆಲ್ಲ ತಾವೇ ಹೇಳಿಬಿಡುತ್ತಾರೆ, ಅದೂ ಬಸ್ ಸ್ಟಾಪಿನಲ್ಲಿ, ನಮ್ಮ ಬಸ್ಸು ಬಂದು ಹೋದ ಮೇಲೂ. ಈಗ ನಾನು ಒಂದು ಶಾಲೆಯಲ್ಲಿ ಮಕ್ಕಳ ಆಪ್ತಸಮಾಲೋಚಕಿ, ಈಗಲೂ ಇಂಥವು ವಾರಕ್ಕೊಂದು ಆಗುತ್ತಲೇ ಇರುತ್ತವೆ. ಆದರೆ ಎಂ.ಎಸ್ಸಿ. ಓದುವಾಗ, ರಿಸರ್ಚ್ ಮೆಥಡ್ಸ್ ಅನ್ನುವ ಪೇಪರಿನ ಕೈಗೆ ಸಿಕ್ಕು ಮೈಸೂರಿನ ಬೀದಿ ಬೀದಿ ಅಲೆದೆವಲ್ಲ, ಆಗ ಆದದ್ದಕ್ಕೆ ಲೆಕ್ಕವಿಲ್ಲ.

ನಾವು ಅಂದರೆ ನಾನು ಮತ್ತು ನನ್ನ ಗೆಳತಿ. ನಾನು ಅಶೋಕಪುರಂನವಳು, ಅಪ್ಪ ಸಿಟಿ ಬಸ್ ಕಂಡಕ್ಟರ್. ಅವಳ ಮನೆ ದಟ್ಟಗಳ್ಳಿಯಲ್ಲಿ, ಅವಳಪ್ಪನದು ದಿನಸಿ ವ್ಯಾಪಾರ. ನಮ್ಮಿಬ್ಬರ ಮೇಲೆ ಒಬ್ಬರು ಮೇಡಂ. ಚಿಕ್ಕ ಆಳು, ದೊಡ್ಡ ಕನ್ನಡಕ, ನಗುವುದು ಅಪರೂಪ.

ನಾನು ಅಂದರೆ ಯಾರು

"ಮನಸ್ಸನ್ನ ಅಳೀಬೇಕು ಅಂದ್ರೆ ಮೊದ್ಲು ಅಳತೆಗೋಲು ನೆಟ್ಟಗಿರ್ಬೇಕು" ಅಂದರು ಮೇಡಂ. ಇಪ್ಪತ್ತು ವಾಕ್ಯದ ಒಂದು ಪ್ರಶ್ನಾವಳಿ ಮಾಡಿಕೊಂಡು ಬನ್ನಿ, ಪ್ರತಿ ವಾಕ್ಯಕ್ಕೂ 'ಸಂಪೂರ್ಣ ಒಪ್ಪುತ್ತೇನೆ' ಇಂದ 'ಸ್ವಲ್ಪವೂ ಒಪ್ಪುವುದಿಲ್ಲ' ತನಕ ಐದು ಉತ್ತರ ಇರಲಿ, ಮೊದಲು ಮನೆಯಲ್ಲಿ ಒಬ್ಬರ ಮೇಲೆ ಪ್ರಯೋಗಿಸಿ ನೋಡಿ ಅಂತ ಹೇಳಿ ಕಳಿಸಿದರು.

ಮನೆಯಲ್ಲಿ ಕೈಗೆ ಸಿಕ್ಕಿದ್ದು ನಮ್ಮಜ್ಜಿ. ಅಜ್ಜಿ ಜಗುಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿತ್ತು. ನಾನು ಪಕ್ಕದಲ್ಲಿ ಕೂತು ಮೊದಲನೇ ವಾಕ್ಯ ಓದಿದೆ. "ನನ್ನ ಜೀವನ ನನಗೆ ತೃಪ್ತಿ ತಂದಿದೆ."

"ಒಳ್ಳೇದಾಯ್ತು ಕಣವ್ವ. ಚೆಂದಾಗಿರು" ಅಂತು ಅಜ್ಜಿ.

"ನನ್ನ ವಿಷಯ ಅಲ್ಲ ಅಜ್ಜಿ, ನಿನ್ನದು. ನಾನು ಅಂದ್ರೆ ನೀನು."

ಅಜ್ಜಿ ನನ್ನ ಮುಖ ನೋಡಿತು. "ನೀನು ನೀನೇ, ನಾನು ನಾನೇ. ಮುಂದಕ್ಕೋದು."

ಮುಂದಕ್ಕೆ ಓದಿದೆ. "ಕಿರಿಯರು ಯಾವಾಗಲೂ ಹಿರಿಯರ ಮಾತು ಕೇಳಬೇಕು. ಒಪ್ತೀಯಾ?"

"ಇದನ್ನ ಯಾರು ಏಳಿದ್ದು?"

"ಯಾರೂ ಹೇಳಿದ್ದಲ್ಲ. ಸುಮ್ಮನೆ ಒಂದು ವಾಕ್ಯ."

"ಯಾರೋ ಏಳಿರ್ಬೇಕು ತಾನೆ. ನಿಮ್ಮಪ್ಪ ಏಳಿದ್ರೆ ಒಪ್ತೀನಿ. ನಿಮ್ ದೊಡ್ಡಪ್ಪ ಏಳಿದ್ರೆ ಒಪ್ಪಕಿಲ್ಲ. ಮೊದ್ಲು ಯಾರು ಏಳಿದ್ದು ಅಂತ ಏಳು, ಆಮೇಕೆ ಐದ್ರಲ್ಲಿ ಯಾವ್ದು ಅಂತ ನಾನ್ ಏಳ್ತೀನಿ."

ಹೀಗೇ ತಳ್ಳಿಕೊಂಡು ಹನ್ನೊಂದನೇ ವಾಕ್ಯಕ್ಕೆ ಬಂದೆ. "ಕೆಲವೊಮ್ಮೆ ಯಾವ ಕಾರಣವೂ ಇಲ್ಲದೆ ನನಗೆ ಅಳು ಬರುತ್ತದೆ."

ಅಜ್ಜಿಯ ಕೈ ನಿಂತುಹೋಯಿತು. ಅವರೆಕಾಯಿ ಪಕ್ಕಕ್ಕಿಟ್ಟು ಮೆತ್ತಗೆ ಕೇಳಿತು. "ಎಷ್ಟು ದಿನದಿಂದ?"

ನಾನು ಎಷ್ಟು ಬಿಡಿಸಿ ಹೇಳಿದರೂ ಅದಕ್ಕೆ ಸಮಾಧಾನ ಆಗಲಿಲ್ಲ. ಅಪ್ಪ ಸಂಜೆ ಡ್ಯೂಟಿ ಮುಗಿಸಿ ಬಂದದ್ದೇ ಒಳಗೆ ಕರೆದುಕೊಂಡು ಹೋಗಿ ಏನೋ ಪಿಸಿಪಿಸಿ ಅಂತು. ಹತ್ತು ನಿಮಿಷಕ್ಕೆ ಅಪ್ಪ ಈಚೆ ಬಂದು "ಬಾ ಮಗಾ, ಹಂಗೇ ಒಂದು ರೌಂಡು ನಡ್ಕೊಂಡು ಬರಾಣ" ಅಂದರು. ದಿನವಿಡೀ ಬಸ್ಸಿನಲ್ಲಿ ನಿಂತಿದ್ದು ಬಂದ ಮನುಷ್ಯ ನಡೆಯೋಣ ಅಂದದ್ದು ನನಗೆ ತಿಳಿದ ಮಟ್ಟಿಗೆ ಅದೇ ಮೊದಲು. ಪಾರ್ಕಿನಲ್ಲಿ ಕೂರಿಸಿ, ಮೆಣಸಿನಕಾಯಿ ಬಜ್ಜಿ ಕೈಗೆ ಕೊಟ್ಟು, ನನ್ನ ಕಡೆ ನೋಡದೆ ಎದುರಿನ ಕಾಂಪೌಂಡನ್ನು ನೋಡುತ್ತ ಕೇಳಿದರು. "ಕಾಲೇಜಲ್ಲಿ ಯಾರಾದ್ರೂ ಏನಾದ್ರೂ ಅಂದ್ರಾ? ಓದು ಕಷ್ಟ ಆಗ್ತಿದ್ರೆ ಬುಟ್ಬುಡು. ಯಾರೇನ್ ಅಂದ್ಕೊಂಡ್ರೂ ನಾನಿದ್ದೀನಿ."

ನನಗೆ ನಗು ಬಂತು. ಪ್ರಶ್ನಾವಳಿಯ ಹಾಳೆಯನ್ನೇ ಕೈಗೆ ಕೊಟ್ಟು ವಿವರಿಸಿದೆ. ಅಪ್ಪ ಆ ವಾಕ್ಯವನ್ನು ಎರಡು ಸಲ ಓದಿ ನಿಟ್ಟುಸಿರುಬಿಟ್ಟರು. ಆಮೇಲೆ ಬಜ್ಜಿ ಕಚ್ಚುತ್ತ ಹೇಳಿದರು. "ಇದು ನಂಗೆ ದಿನಾ ಬೆಳಿಗ್ಗೆ ಎಂಟೂವರೆ ಟ್ರಿಪ್ಪಲ್ಲಿ ಬರುತ್ತೆ. ಆದ್ರೆ ಕಾರಣ ಇದೆ. ಇದ್ರಲ್ಲಿ ಎಲ್ಲಿ ಟಿಕ್ ಹಾಕ್ಬೇಕು?"

ಖಾಲಿ ಸೈಟಿನ ಅಭಿಪ್ರಾಯ

ಮುಂದಿನ ಪಾಠ ಸ್ಯಾಂಪಲ್. ಒಂದು ಊರಿನ ಎಲ್ಲರನ್ನೂ ಕೇಳಲಾಗುವುದಿಲ್ಲ, ಕೆಲವರನ್ನು ಮಾತ್ರ ಕೇಳಬೇಕು. ಆ ಕೆಲವರು ಯಾರು ಅಂತ ನಾವು ಆರಿಸಬಾರದು, ಅದೃಷ್ಟ ಆರಿಸಬೇಕು. ಇದನ್ನು ಮೇಡಂ ಒಂದು ಗಂಟೆ ಹೇಳಿದರು. ನಮಗೆ ಎಷ್ಟು ಚೆನ್ನಾಗಿ ಅರ್ಥವಾಯಿತು ಅಂದರೆ, ಭಾನುವಾರ ಗೆಳತಿಯ ಬೀದಿಯ ನಲವತ್ತು ಮನೆ ನಂಬರಿಗೆ ನಲವತ್ತು ಚೀಟಿ ಬರೆದು, ಅವಳಮ್ಮನ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಕುಲುಕಿ, ಹತ್ತು ಚೀಟಿ ಎತ್ತಿಕೊಂಡು ಹೊರಟೆವು.

ಮೊದಲನೇ ನಂಬರು ಖಾಲಿ ಸೈಟು. ಎದೆಯೆತ್ತರ ಪಾರ್ಥೇನಿಯಂ, ಅದರ ನಡುವೆ 'ಈ ನಿವೇಶನ ಮಾರಾಟಕ್ಕಿಲ್ಲ' ಅಂತ ಒಂದು ಬೋರ್ಡು. ಅದೇ ಅದರ ಖಚಿತ ಅಭಿಪ್ರಾಯ ಅಂದುಕೊಂಡು ಮುಂದಕ್ಕೆ ಹೋದೆವು.

ಎರಡನೇ ಮನೆಯಲ್ಲಿ ಒಬ್ಬ ಆಂಟಿ ಬಾಗಿಲು ತೆಗೆದರು. "ಚೀಟಿ ಎತ್ತಿದ್ವಿ ಆಂಟಿ, ನಿಮ್ಮ ಮನೆ ಬಂತು" ಅಂದಳು ಗೆಳತಿ.

"ನಮ್ಮನೇನಾ? ಏನು ಬಹುಮಾನ?"

"ಬಹುಮಾನ ಇಲ್ಲ. ಇಪ್ಪತ್ತು ಪ್ರಶ್ನೆ ಇದೆ."

ಆದರೂ ಆಂಟಿಗೆ ಖುಷಿಯೇ ಆಯಿತು. ಒಳಗೆ ತಿರುಗಿ "ಕೇಳಿದ್ರಾ, ಚೀಟೀಲಿ ನಮ್ಮನೆ ಬಂದಿದೆಯಂತೆ" ಅಂತ ಯಜಮಾನರನ್ನು ಕರೆದರು. ಮದುವೆಯಾದಾಗಿನಿಂದ ಯಾವ ಚೀಟಿಯಲ್ಲೂ ಅವರ ಹೆಸರು ಬಂದಿರಲಿಲ್ಲವಂತೆ. ಕಾಫಿ ಕೊಟ್ಟರು, ಕೋಡುಬಳೆ ಕೊಟ್ಟರು, ಗಂಡ ಹೆಂಡತಿ ಇಬ್ಬರೂ ಸರದಿಯ ಮೇಲೆ ಉತ್ತರ ಹೇಳಿದರು.

ಈಚೆ ಬಂದರೆ ಪಕ್ಕದ ಮನೆಯವರು ಗೇಟಿಗೆ ಕೈಯೂರಿ ನಿಂತಿದ್ದರು. "ಅವರ ಮನೆಗೆ ಹೋದ್ರಿ, ನಮ್ಮನೆ ದಾಟ್ಕೊಂಡು ಹೋಗ್ತಿದ್ದೀರಲ್ಲ?"

"ನಿಮ್ಮ ಮನೆ ಚೀಟಿ ಬರಲಿಲ್ಲ ಆಂಟಿ."

"ಬರಲಿಲ್ವೋ, ಹಾಕಲೇ ಇಲ್ವೋ? ಎಲ್ಲಿ ಡಬ್ಬಿ ತೋರ್ಸು."

ಡಬ್ಬಿ ತಂದೆವು. ಆಕೆ ಗೇಟಿನ ಕಟ್ಟೆಯ ಮೇಲೆ ಚೀಟಿಗಳನ್ನೆಲ್ಲ ಸುರಿದು, ಒಂದೊಂದಾಗಿ ಬಿಡಿಸಿ, ತಮ್ಮ ನಂಬರು ಸಿಕ್ಕಿದ ಕೂಡಲೇ ಎತ್ತಿ ಹಿಡಿದರು. "ಈಗ ಬಂತಲ್ಲ. ಬನ್ನಿ ಒಳಗೆ."

ಅಷ್ಟು ಹೊತ್ತಿಗೆ ಎದುರುಮನೆಯವರೂ ಚೀಟಿ ಹುಡುಕಲು ಬಂದಿದ್ದರು. ಗೆಳತಿಯ ಅಮ್ಮ ಫೋನು ಮಾಡಿ, "ಯಾರನ್ನೂ ಬಿಡಬೇಡ್ರೇ, ನಾವು ಈ ಬೀದೀಲಿ ಬಾಳಬೇಕು" ಅಂದರು. ಎರಡು ಭಾನುವಾರ ಹಿಡಿಯಿತು. ಎಷ್ಟು ಕಾಫಿ ಕುಡಿದೆವೋ, ನನ್ನ ಎಡಗಣ್ಣಿನ ರೆಪ್ಪೆ ಬುಧವಾರದ ತನಕ ಹೊಡೆದುಕೊಳ್ಳುತ್ತಿತ್ತು.

ಮೇಡಂ ಹಾಳೆಗಳ ಕಟ್ಟನ್ನು ಕೈಯಲ್ಲಿ ತೂಗಿ ನೋಡಿದರು. "ಹತ್ತು ಮನೆ ಅಂದಿದ್ದೆ. ಇದು ಸ್ಯಾಂಪಲ್ ಅಲ್ಲ ಕಣ್ರಮ್ಮ, ಜನಗಣತಿ. ಇಡೀ ಬೀದೀಲಿ ಒಬ್ಬರೂ ಉತ್ತರ ಕೊಡಲ್ಲ ಅನ್ನಲಿಲ್ವಾ?"

"ಖಾಲಿ ಸೈಟು ಒಂದೇ ಮೇಡಂ" ಅಂದೆ.

ಬಿಸಿನೀರಿನ ಗುಂಪು

ಮೂರನೇದು ಪ್ರಯೋಗ. ಕಾಫಿ ಕುಡಿದರೆ ನೆನಪಿನ ಶಕ್ತಿ ಹೆಚ್ಚುತ್ತದೆಯೇ ಅಂತ ನೋಡುವುದು. ಒಂದು ಗುಂಪಿಗೆ ಕಾಫಿ, ಇನ್ನೊಂದು ಗುಂಪಿಗೆ ಬರೀ ಬಿಸಿನೀರು. ಆಮೇಲೆ ಹದಿನೈದು ಪದ ಓದಿ ಹೇಳುವುದು, ಯಾರು ಎಷ್ಟು ನೆನಪಿಟ್ಟುಕೊಂಡು ವಾಪಸ್ಸು ಹೇಳುತ್ತಾರೆ ನೋಡುವುದು. ಕಾಫಿ ಸಿಗದ ಗುಂಪಿಗೆ ಕಂಟ್ರೋಲ್ ಗ್ರೂಪ್ ಅಂತ ಹೆಸರು. ಅವರು ಇಲ್ಲದಿದ್ದರೆ ಹೋಲಿಸುವುದಕ್ಕೆ ಏನೂ ಇರುವುದಿಲ್ಲ.

ನಮ್ಮ ಬೀದಿಯ ಇಪ್ಪತ್ತು ಜನ ಹೆಂಗಸರನ್ನು ಸಮುದಾಯ ಭವನಕ್ಕೆ ಕರೆದೆ. ಅಜ್ಜಿಯೂ ಬಂತು. ಶುರುವಿನಲ್ಲೇ ಎಲ್ಲರಿಗೂ ಒಂದು ಒಪ್ಪಿಗೆ ಪತ್ರ ಓದಬೇಕು, ಅದು ನಿಯಮ. ಗಟ್ಟಿಯಾಗಿ ಓದಿದೆ. ಮೂರನೇ ವಾಕ್ಯ ಹೀಗಿತ್ತು. "ನೀವು ಯಾವುದೇ ಹಂತದಲ್ಲಿ, ಯಾವ ಕಾರಣವನ್ನೂ ಕೊಡದೆ, ಈ ಪ್ರಯೋಗದಿಂದ ಹೊರಗೆ ಹೋಗಬಹುದು." ಎಲ್ಲರೂ ತಲೆಯಾಡಿಸಿದರು.

ನಡುವೆ ಒಂದು ಪರದೆ ಕಟ್ಟಿದ್ದೆವು. ಆ ಕಡೆ ಗೆಳತಿ ಕಾಫಿ ಹಂಚಿದಳು, ಈ ಕಡೆ ನಾನು ಬಿಸಿನೀರು ಹಂಚಿದೆ. ಪರದೆ ಕಣ್ಣಿಗೆ ಅಡ್ಡ ಬಂತೇ ಹೊರತು ಮೂಗಿಗೆ ಬರಲಿಲ್ಲ. ಅಜ್ಜಿ ಲೋಟದೊಳಗೆ ಒಂದು ಸಲ ಇಣುಕಿ ನೋಡಿತು.

"ಆಚೆ ಕಡೆ ಕಾಪಿ ವಾಸ್ನೆ ಬತ್ತಾ ಅದೆ."

"ಇದು ಕಂಟ್ರೋಲ್ ಗ್ರೂಪ್ ಅಜ್ಜಿ."

"ಅಂಗಂದ್ರೆ?"

"ಕಾಫಿ ಕುಡೀದವರ ಗುಂಪು."

"ನಾನು ಯಾವತ್ತು ಕುಡೀದವಳಾಗಿದ್ದೆ?"

ಪಕ್ಕದ ಹೆಂಗಸರು ನಕ್ಕರು. ಅಜ್ಜಿ ನಗಲಿಲ್ಲ. ಲೋಟವನ್ನು ನೆಲಕ್ಕಿಟ್ಟು ಹೇಳಿತು. "ಒಂದೇ ಸೂರಿನ ಕೆಳಗೆ ಅವರ್ಗೊಂದು ಲೋಟ ಇವರ್ಗೊಂದು ಲೋಟ ಅನ್ನೋದನ್ನ ನಾನು ಊರಲ್ಲೇ ಬುಟ್ಟು ಬಂದೆ ಕಣವ್ವ. ನೀನು ಇಷ್ಟೊಂದು ಓದ್ಬುಟ್ಟು ಅದ್ನೇ ವಾಪಸ್ ತಂದಿದ್ದೀಯಲ್ಲ."

ನಾನೇ ಎದ್ದು ಪರದೆ ಬಿಚ್ಚಿದೆ. ಗೆಳತಿ ಮತ್ತೊಂದು ಪಾತ್ರೆ ಕಾಫಿ ಕಾಯಿಸಿದಳು. ಇಪ್ಪತ್ತು ಜನವೂ ಒಟ್ಟಿಗೆ ಕೂತು ಕುಡಿದರು. ಹೋಲಿಕೆ ಇಲ್ಲದಿದ್ದರೂ ಚಿಂತೆಯಿಲ್ಲ, ಪದಗಳನ್ನಾದರೂ ಓದೋಣ ಅಂತ ನಾನು ಹಾಳೆ ತೆಗೆಯುವಷ್ಟರಲ್ಲಿ ಮೂಲೆಯಲ್ಲಿದ್ದವರೊಬ್ಬರು ಸೆರಗು ಸರಿಮಾಡಿಕೊಂಡು ಎದ್ದರು. "ಕಾರಣ ಕೊಡದೆ ಯಾವಾಗ ಬೇಕಾದ್ರೂ ಓಗ್ಬೋದು ಅಂದ್ಯಲ್ಲವ್ವ. ಬರ್ತೀನಿ." ಅವರ ಹಿಂದೆ ಇನ್ನೊಬ್ಬರು, ಅವರ ಹಿಂದೆ ಎಲ್ಲರೂ. ಕೊನೆಗೆ ಅಜ್ಜಿಯೂ ಹೊರಟಿತು, ಹೋಗುವಾಗ ಕಾಫಿ ಚೆನ್ನಾಗಿತ್ತು ಅಂತ ಹೇಳಿ.

"ಒಬ್ಬರಿಗೂ ನೆನಪಿನ ಪರೀಕ್ಷೆ ಮಾಡೋಕೆ ಆಗಲಿಲ್ವಾ?" ಅಂತ ಕೇಳಿದರು ಮೇಡಂ.

"ಪದಗಳದ್ದು ಆಗಲಿಲ್ಲ ಮೇಡಂ" ಅಂದಳು ಗೆಳತಿ. "ಆದ್ರೆ ಒಪ್ಪಿಗೆ ಪತ್ರದ ಮೂರನೇ ವಾಕ್ಯ ಇಪ್ಪತ್ತಕ್ಕೆ ಇಪ್ಪತ್ತು ಜನಕ್ಕೂ ನೆನಪಿತ್ತು."

ಬಡಾವಣೆಯ ಗ್ರೂಪಿನಲ್ಲಿ ನನ್ನ ಫೋಟೋ

ಕೊನೇ ಸೆಮಿಸ್ಟರಿಗೆ ಇಬ್ಬಿಬ್ಬರು ಸೇರಿ ಒಂದು ಪ್ರಾಜೆಕ್ಟ್ ಮಾಡಬೇಕಿತ್ತು. ಇದು ಆಟವಲ್ಲ. ಪ್ರಾಜೆಕ್ಟ್ ಪಾಸಾಗದಿದ್ದರೆ ಡಿಗ್ರಿ ಒಂದು ವರ್ಷ ಮುಂದಕ್ಕೆ ಹೋಗುತ್ತಿತ್ತು. ಅಪ್ಪ ಆಗಲೇ ತಮ್ಮ ರೂಟಿನ ಖಾಯಂ ಪ್ಯಾಸೆಂಜರುಗಳಿಗೆಲ್ಲ "ಮಗಳದು ಈ ವರ್ಷ ಮುಗೀತು" ಅಂತ ಹೇಳಿಯೂ ಆಗಿತ್ತು.

ನಾವು ಆರಿಸಿಕೊಂಡ ವಿಷಯ, ಅಪರಿಚಿತರಿಗೆ ಜನ ಸಹಾಯ ಮಾಡುತ್ತಾರೆಯೇ ಅನ್ನುವುದು. ದಟ್ಟಗಳ್ಳಿಯ ಶಾಂತ ರಸ್ತೆಯಲ್ಲಿ ಮೂವತ್ತು ಸಲ, ಉದಯಗಿರಿಯ ಗಿಜಿಗುಡುವ ಬೀದಿಯಲ್ಲಿ ಮೂವತ್ತು ಸಲ, ನಾನು ಒಂದು ಕಟ್ಟು ಕಾಗದ ಕೈತಪ್ಪಿ ಬೀಳಿಸಬೇಕು. ಗೆಳತಿ ದೂರದಿಂದ ನೋಡಿ ಎತ್ತಿಕೊಟ್ಟರೋ ಇಲ್ಲವೋ ಅಂತ ಗುರುತು ಹಾಕಬೇಕು. ಎರಡೂ ಕಡೆಯ ನಡುವೆ ಎಷ್ಟು ವ್ಯತ್ಯಾಸ ಅಂತ ನೋಡಬೇಕು. ಕೇಳುವುದಕ್ಕೆ ಎಷ್ಟು ಸಲೀಸಾಗಿದೆ.

ದಟ್ಟಗಳ್ಳಿಯಲ್ಲಿ ಗೆಳತಿಯ ಬೀದಿ ಬಿಟ್ಟು ದೂರದ ಪಾರ್ಕಿನ ರಸ್ತೆ ಹಿಡಿದೆವು. ಬೆಳಿಗ್ಗೆ ಏಳು ಗಂಟೆ. ಅವಳು ಹೊಂಗೆ ಮರದ ಹಿಂದೆ, ನಾನು ರಸ್ತೆಯ ಮೇಲೆ. ಬಿಳೀ ಕ್ಯಾನ್ವಾಸ್ ಶೂ ಹಾಕಿಕೊಂಡ ಅಂಕಲ್ ಒಬ್ಬರು ಎದುರಿಗೆ ಬಂದರು. ಕಾಗದ ಬೀಳಿಸಿದೆ. ಗಾಳಿಗೆ ಹರಡಿಕೊಂಡವು. ಅಂಕಲ್ ನಿಂತು, ಜೇಬಿನಿಂದ ಮೊಬೈಲ್ ತೆಗೆದರು.

"ಒಂದು ನಿಮಿಷ, ಹಾಗೇ ನಿಂತ್ಕೊಳಮ್ಮ." ಫೋಟೋ ತೆಗೆದರು. "ನಮ್ಮ ಬಡಾವಣೆ ಎಷ್ಟು ಕ್ಲೀನಾಗಿ ಇಟ್ಕೊಂಡಿದ್ದೀವಿ ಗೊತ್ತಾ?" ಅಂದರು. ಆಮೇಲೆ ತಾವೇ ಬಗ್ಗಿ ಎಲ್ಲ ಹಾಳೆಯನ್ನೂ ಆಯ್ದು, ಪುಟಸಂಖ್ಯೆ ನೋಡಿ ಜೋಡಿಸಿ, ಅಂಚು ಸರಿಮಾಡಿ ನನ್ನ ಕೈಗೆ ಕೊಟ್ಟರು. ಬೈದರು, ಆದರೆ ಎತ್ತಿಕೊಟ್ಟರು. ಗೆಳತಿ ಮರದ ಹಿಂದಿನಿಂದ ಇಣುಕಿ, ಏನು ಬರೆಯಲಿ ಅಂತ ಕೈಸನ್ನೆಯಲ್ಲಿ ಕೇಳುತ್ತಿದ್ದಳು.

ಎಂಟು ಗಂಟೆಗೆ ತಿಂಡಿಗೆ ಅಂತ ಗೆಳತಿಯ ಮನೆಗೆ ಹೋದರೆ ಅವಳಮ್ಮನ ಮೊಬೈಲಿನಲ್ಲಿ ನಾನಿದ್ದೆ. ಬಡಾವಣೆಯ ವಾಟ್ಸಾಪ್ ಗ್ರೂಪಿನಲ್ಲಿ ನನ್ನ ಫೋಟೋ, ಕೆಳಗೆ 'ನಮ್ಮ ರಸ್ತೆಯಲ್ಲಿ ಕಾಗದ ಎಸೆಯುತ್ತಿರುವ ಈ ಯುವತಿಯನ್ನು ಯಾರಾದರೂ ಗುರುತಿಸಿ.'

"ಗಾಬರಿ ಆಗ್ಬೇಡಮ್ಮ, ನಾನು ಉತ್ತರ ಹಾಕಿದ್ದೀನಿ" ಅಂದರು ಅವಳಮ್ಮ, ದೋಸೆ ಮಗುಚುತ್ತ. ನೋಡಿದೆ. 'ಈಕೆ ನನ್ನ ಮಗಳ ಫ್ರೆಂಡು. ತುಂಬಾ ಒಳ್ಳೇ ಹುಡುಗಿ. ಕೈ ಸ್ವಲ್ಪ ನಡುಗುತ್ತೆ ಅಷ್ಟೆ.'

ಮಾರನೇ ದಿನದಿಂದ ಆ ರಸ್ತೆಯಲ್ಲಿ ನಾನು ಕಾಗದ ಬೀಳಿಸುವ ಮೊದಲೇ ಜನ ಓಡಿ ಬರತೊಡಗಿದರು. ಒಬ್ಬರು ರಾಗಿ ಮಾಲ್ಟಿನ ಪುಡಿ ತಂದುಕೊಟ್ಟರು. ಇನ್ನೊಬ್ಬರು ತಮ್ಮ ಅಳಿಯ ನರರೋಗದ ಡಾಕ್ಟರು, ಬೇಕಿದ್ದರೆ ಮಾತಾಡುತ್ತೇನೆ ಅಂದರು. ಕ್ಯಾನ್ವಾಸ್ ಶೂ ಅಂಕಲ್ ದಿನಾ ನನ್ನ ಪಕ್ಕದಲ್ಲೇ ಅರ್ಧ ರಸ್ತೆ ನಡೆದು, "ಎರಡೂ ಕೈಲಿ ಹಿಡ್ಕೊ" ಅಂತ ಹೇಳಿ ಹೋಗುತ್ತಿದ್ದರು. ಮೂವತ್ತು ಸಲ ಬೀಳಿಸಿದೆ, ಮೂವತ್ತು ಸಲವೂ ಎತ್ತಿಕೊಟ್ಟರು. ಅದರಲ್ಲಿ ಸಹಾಯ ಎಷ್ಟು, ಸ್ವಚ್ಛತೆ ಎಷ್ಟು, ವೈದ್ಯಕೀಯ ಎಷ್ಟು ಅಂತ ಬಿಡಿಸಿ ಬರೆಯಲು ನಮ್ಮ ಹಾಳೆಯಲ್ಲಿ ಕಾಲಂ ಇರಲಿಲ್ಲ.

ಗುಂಡಿಯಿರುವ ಚೀಲ

ಉದಯಗಿರಿಗೆ ನಾವು ಹೋಗುತ್ತಿದ್ದದ್ದು ಸಂಜೆ ನಾಲ್ಕಕ್ಕೆ. ಒಂದು ಸ್ಕೂಟರ್ ಮೆಕ್ಯಾನಿಕ್ ಶೆಡ್ಡು, ಪಕ್ಕದಲ್ಲಿ ಟೈಲರ್ ಅಂಗಡಿ, ಎದುರಿಗೆ ಟೀ ಅಂಗಡಿ. ಗೆಳತಿ ಟೀ ಅಂಗಡಿಯ ಬೆಂಚಿನ ಮೇಲೆ ಪುಸ್ತಕ ಹಿಡಿದು ಕೂರುತ್ತಿದ್ದಳು. ನಾನು ದಿನಕ್ಕೆ ಮೂರು ಸಲ ಆ ಬೀದಿಯಲ್ಲಿ ಹಾದುಹೋಗಿ ಮೂರು ಸಲ ಬೀಳಿಸುತ್ತಿದ್ದೆ.

ಮೊದಲನೇ ದಿನ ಮೆಕ್ಯಾನಿಕ್ ಬಿಚ್ಚಿದ್ದ ಸ್ಕೂಟರನ್ನು ಹಾಗೇ ಬಿಟ್ಟು ಎದ್ದುಬಂದರು. ಐವತ್ತು ದಾಟಿದ ಮನುಷ್ಯ, ಎಲ್ಲರೂ ಭಾಯ್ ಅಂತ ಕರೆಯುತ್ತಿದ್ದರು. ಕೈಯೆಲ್ಲ ಗ್ರೀಸು. ನನ್ನ ಹಾಳೆಗೆ ತಾಗಬಾರದು ಅಂತ ಎರಡು ಮೊಣಕೈಯಿಂದ ತಳ್ಳಿ ತಳ್ಳಿ ಕಾಗದವನ್ನೆಲ್ಲ ಒಂದು ಕಡೆ ರಾಶಿ ಮಾಡಿಕೊಟ್ಟರು. ಎರಡನೇ ಸಲ ಟೈಲರ್ ಎತ್ತಿದರು. ಮೂರನೇ ಸಲ ಟೀ ಅಂಗಡಿಯವರು.

ಮೂರನೇ ದಿನ ಹೋದಾಗ ಟೈಲರ್ ನನ್ನನ್ನು ಕರೆದು ಒಂದು ಬಟ್ಟೆ ಚೀಲ ಕೊಟ್ಟರು. ಉಳಿದ ಪ್ಯಾಂಟ್ ಬಟ್ಟೆಯಲ್ಲಿ ಹೊಲಿದದ್ದು, ಬಾಯಿಗೆ ಎರಡು ದೊಡ್ಡ ಗುಂಡಿ. "ಇದ್ರಲ್ಲಿ ಹಾಕ್ಕೊಳ್ಳಿ ಮೇಡಂ. ಇನ್ನು ಬೀಳಲ್ಲ."

ಸಂಶೋಧನೆಗೆ ಅದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿಲ್ಲ. ಮಾರನೇ ದಿನ ಚೀಲ ಬಿಟ್ಟು ಹೋದೆ. ಟೈಲರ್ ಸೂಜಿ ನಿಲ್ಲಿಸಿ "ಚೀಲ ಚೆನ್ನಾಗಿಲ್ವಾ?" ಅಂತ ಕೇಳಿದರು. ಆ ಮುಖ ನೋಡಲಾಗಲಿಲ್ಲ. ಅದರ ಮಾರನೇ ದಿನ ಚೀಲ ತೆಗೆದುಕೊಂಡು ಹೋದೆ, ಗುಂಡಿ ಹಾಕದೆ. ಬೀಳಿಸುವ ಮೊದಲೇ ಟೈಲರ್ ಈಚೆ ಬಂದು ತಾವೇ ಗುಂಡಿ ಹಾಕಿ ಹೋದರು. ಆಮೇಲೆ ನಾನು ಬೀದಿಯ ತಿರುವಿನಲ್ಲಿ ಗುಂಡಿ ಬಿಚ್ಚಿ, ಚೀಲವನ್ನು ತಲೆಕೆಳಗು ಹಿಡಿದುಕೊಂಡು ಬರತೊಡಗಿದೆ. ಆದರೂ ಬೀಳಿಸಿದೆ, ಆದರೂ ಎತ್ತಿಕೊಟ್ಟರು. ಇಲ್ಲೂ ಮೂವತ್ತಕ್ಕೆ ಮೂವತ್ತು.

ಪ್ರಯೋಗ ಮುಗಿದ ಮೇಲೆ ಇನ್ನೊಂದು ನಿಯಮವಿದೆ. ಜನರಿಗೆ ಗೊತ್ತಾಗದ ಹಾಗೆ ಪ್ರಯೋಗ ಮಾಡಿದ್ದರೆ, ವಾಪಸ್ಸು ಹೋಗಿ ನಿಜ ಹೇಳಿ ಕ್ಷಮೆ ಕೇಳಬೇಕು. ಮೊಣಕೈಯಿಂದ ಕಾಗದ ಎತ್ತಿದ ಮನುಷ್ಯನಿಗೆ, ಚೀಲ ಹೊಲಿದುಕೊಟ್ಟ ಮನುಷ್ಯನಿಗೆ, ನಾನು ಬೇಕಂತಲೇ ಬೀಳಿಸಿದ್ದು ಅಂತ ಯಾವ ಬಾಯಲ್ಲಿ ಹೇಳುವುದು. ಇಬ್ಬರೂ ಟೀ ಅಂಗಡಿಯ ಮುಂದೆ ನಿಂತೆವು. ನಾಲ್ಕು ಸಲ ಗಂಟಲು ಸರಿಮಾಡಿಕೊಂಡು, ಕೊನೆಗೆ ನಾನು ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ.

ಭಾಯ್ ಬಟ್ಟೆಗೆ ಕೈ ಒರೆಸಿಕೊಳ್ಳುತ್ತ "ಗೊತ್ತು" ಅಂದರು.

"ಗೊತ್ತಿತ್ತಾ? ಯಾವಾಗಿಂದ?"

"ಎರಡನೇ ದಿನ. ನಿಮ್ಮ ಫ್ರೆಂಡು ಇಲ್ಲಿ ಕೂತು, ನೀವು ಬೀಳಿಸೋಕೆ ಮುಂಚೆನೇ ಬರಿಯೋಕೆ ಶುರು ಮಾಡಿದ್ರಲ್ಲ. ಕಾಲೇಜಿನ ಏನೋ ಪರೀಕ್ಷೆ ಅಂದ್ಕೊಂಡೆ. ಯಾರೂ ಎತ್ತದೆ ಇದ್ರೆ ಪಾಪ ನೀವು ಫೇಲ್ ಆಗ್ತೀರೇನೋ ಅಂತ ಆಮೇಲೆ ಮೂರು ಜನ ಮಾತಾಡ್ಕೊಂಡ್ವಿ. ಫಸ್ಟ್ ನಾನು, ಸೆಕೆಂಡ್ ಟೈಲರು, ಲಾಸ್ಟ್ ಟೀ ಅಂಗಡಿ."

"ಮತ್ತೆ ಆ ಚೀಲ?" ಅಂತ ಗೆಳತಿ ಕೇಳಿದಳು.

ಟೈಲರ್ ತಲೆ ತಗ್ಗಿಸಿದರು. "ನನಗೆ ಇವರು ಆರನೇ ದಿನ ಹೇಳಿದ್ರು."

"ಅದಿರ್ಲಿ" ಅಂದರು ಭಾಯ್, ಈಗ ಸ್ವಲ್ಪ ಗಂಭೀರವಾಗಿ. "ಹೋದ ಬುಧವಾರ ನೀವು ಬರಲೇ ಇಲ್ಲ. ನಾವು ಗಿರಾಕಿನ ನಿಲ್ಲಿಸಿ ನಾಲ್ಕೂಮುಕ್ಕಾಲರ ತನಕ ಕಾದ್ವಿ. ಹಿಂಗೆ ಹೇಳ್ದೆ ಕೇಳ್ದೆ ರಜಾ ಹಾಕಿದ್ರೆ ಹೆಂಗಮ್ಮ ಪಾಸಾಗೋದು?"

ಎತ್ತದವರು ಬೇಕಾಗಿದ್ದಾರೆ

ಸಲ್ಲಿಸುವುದಕ್ಕೆ ಹನ್ನೆರಡು ದಿನ ಉಳಿದಿತ್ತು. ಅರವತ್ತಕ್ಕೆ ಅರವತ್ತು ಸಲವೂ ಎತ್ತಿದ್ದಾರೆ, ಅದರಲ್ಲಿ ಅರ್ಧ ಸಲ ಪಾಳಿ ಹಾಕಿಕೊಂಡು ಎತ್ತಿದ್ದಾರೆ. ಹೋಲಿಸುವುದಕ್ಕೆ ವ್ಯತ್ಯಾಸವೇ ಇಲ್ಲ. ಗೆಳತಿ ಮೆತ್ತಗೆ ಹೇಳಿದಳು. "ಏಳೆಂಟು ಜನ ಎತ್ತಲಿಲ್ಲ ಅಂತ ಹಾಕ್ಬುಡಾಣ. ಯಾರು ಬಂದು ನೋಡ್ತಾರೆ?"

ನಾನು ಪೆನ್ನು ತೆಗೆದುಕೊಂಡು ಪಟ್ಟಿಯ ಮುಂದೆ ಕೂತೆ. ಯಾವ ಟಿಕ್ಕಿನ ಮೇಲೆ ಪೆನ್ನಿಟ್ಟರೂ ಅಲ್ಲೊಂದು ಮುಖ ಎದ್ದು ಬರುತ್ತಿತ್ತು. ಮೊಣಕೈಯಿಂದ ತಳ್ಳಿದವರನ್ನು ಹೊಡೆದುಹಾಕಲೇ, ಪುಟಸಂಖ್ಯೆ ಜೋಡಿಸಿಕೊಟ್ಟವರನ್ನೇ, ರಾಗಿ ಮಾಲ್ಟ್ ತಂದವರನ್ನೇ. ಅರ್ಧ ಗಂಟೆ ಆದ ಮೇಲೆ ಅವಳೇ ನನ್ನ ಕೈಯಿಂದ ಪೆನ್ನು ಕಿತ್ತಿಟ್ಟಳು.

ಮೇಡಂ ಹತ್ತಿರ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆವು. ಚೀಲದ ವಿಷಯ ಬಂದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬುಧವಾರದ ವಿಷಯ ಬಂದಾಗ ಗೋಡೆಯ ಕಡೆ ತಿರುಗಿ ಕೂತರು. ಭುಜ ಅಲ್ಲಾಡುತ್ತಿತ್ತು. ತಿರುಗಿದಾಗ ಮುಖ ಎಂದಿನ ಹಾಗೇ ಇತ್ತು. "ನಡೆದದ್ದನ್ನ ನಡೆದ ಹಾಗೇ ಬರೀರಿ. ಹೇಗೆ ಕೆಟ್ಟುಹೋಯ್ತು ಅಂತ ಬರಿಯೋದೂ ಸಂಶೋಧನೆನೇ. ಒಂದು ಅಕ್ಷರ ಸುಳ್ಳು ಬೇಡ."

ಹಾಗೇ ಬರೆದೆವು. ವೈವಾಕ್ಕೆ ಬೇರೆ ಊರಿನಿಂದ ಬಂದಿದ್ದ ಪರೀಕ್ಷಕರು ನಮ್ಮ ಪ್ರಬಂಧವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಎರಡೂ ಕಡೆ ಮೂವತ್ತಕ್ಕೆ ಮೂವತ್ತು. ವ್ಯತ್ಯಾಸ ಸೊನ್ನೆ. ಹಾಗಾದ್ರೆ ನಿಮ್ಮ ತೀರ್ಮಾನ ಏನಮ್ಮ?"

ನಾನು ಉತ್ತರ ಜೋಡಿಸಿಕೊಳ್ಳುತ್ತಿದ್ದೆ. ಗೆಳತಿ ಅಷ್ಟರಲ್ಲಿ ಹೇಳಿಬಿಟ್ಟಳು. "ಮೈಸೂರಲ್ಲಿ ಕಾಗದ ಬೀಳಿಸೋದು ತುಂಬಾ ಕಷ್ಟ ಸರ್."

ಅವರು ತುಟಿ ಬಿಗಿಹಿಡಿದು ಏನೋ ಬರೆದುಕೊಂಡರು. ವಿಧಾನದ ಅಂಕದಲ್ಲಿ ಚೆನ್ನಾಗಿ ಕತ್ತರಿಸಿದರು, ಪ್ರಾಮಾಣಿಕತೆಗೆ ಅಂತ ಸ್ವಲ್ಪ ವಾಪಸ್ಸು ಕೊಟ್ಟರು. ಇಬ್ಬರೂ ಪಾಸಾದೆವು. ಅಪ್ಪ ಎಂಟೂವರೆ ಟ್ರಿಪ್ಪಿನಲ್ಲಿ ಇಡೀ ಬಸ್ಸಿಗೆ ಪೆಪ್ಪರ್‌ಮೆಂಟ್ ಹಂಚಿದರು.

ಮಾರನೇ ದಿನ ನಾಲ್ಕು ಗಂಟೆಗೆ ಉದಯಗಿರಿಗೆ ಸಿಹಿ ಡಬ್ಬಿ ತೆಗೆದುಕೊಂಡು ಹೋದೆವು. ನಮ್ಮನ್ನು ಕಂಡದ್ದೇ ಮೂರು ಜನವೂ ಎದ್ದುಬಂದರು. ಪಾಸಾದದ್ದು ಕೇಳಿ ಟೀ ಅಂಗಡಿಯವರು ಎಲ್ಲರಿಗೂ ಟೀ ಕೊಟ್ಟರು. ಟೈಲರ್ ಚೀಲದ ಹೊಲಿಗೆ ಬಿಟ್ಟಿದೆಯೇ ಅಂತ ನೋಡಿದರು. ಭಾಯ್ ಮಾತ್ರ ಬಿಡದೆ ಕೇಳಿದರು. "ಫಸ್ಟ್ ಬಂದ್ರಾ?"

"ಇಲ್ಲ ಭಾಯ್. ಸ್ವಲ್ಪ ಅಂಕ ಹೋಯ್ತು."

"ಯಾಕೆ? ನಾವು ಒಂದು ಸಲನೂ ತಪ್ಪಿಸಲಿಲ್ವಲ್ಲ."

"ಅದೇ ಭಾಯ್ ತೊಂದರೆ ಆಗಿದ್ದು. ಎಲ್ಲರೂ ಎತ್ತಿಬಿಟ್ರೆ ಲೆಕ್ಕಕ್ಕೆ ಬರಲ್ಲ. ಕೆಲವರು ಎತ್ತಬೇಕು, ಕೆಲವರು ಎತ್ತಬಾರದು. ಆಗಲೇ ಅದು ಸಂಶೋಧನೆ."

ಭಾಯ್ ಮುಖ ಸಣ್ಣದಾಯಿತು. ಟೀ ಲೋಟ ಕೆಳಗಿಟ್ಟರು. ಟೈಲರ್ ಕಡೆ ನೋಡಿದರು, ಟೀ ಅಂಗಡಿಯವರ ಕಡೆ ನೋಡಿದರು. ಆಮೇಲೆ ತಮ್ಮದೇ ತಪ್ಪು ಅನ್ನುವ ಹಾಗೆ ಮೆಲ್ಲಗೆ ಹೇಳಿದರು.

"ಇದನ್ನ ಮೊದಲೇ ಹೇಳ್ಬಾರ್ದಿತ್ತೇನಮ್ಮ? ಎಷ್ಟು ಜನ ಎತ್ತಬಾರದು ಅಂತ ಹೇಳಿದ್ದಿದ್ರೆ, ಅಷ್ಟು ಜನಕ್ಕೂ ಹೇಳಿ ನಿಲ್ಲಿಸ್ತಿದ್ದೆ."